ತಂತಿಯಿಲ್ಲದ ವಿದ್ಯುತ್ತು: ಇತಿಹಾಸಲೇಖನದ ಒಂದು ಕೊರತೆ

ಮೈಸೂರು ಸಂಸ್ಥಾನದ ವಿದ್ಯುತ್ತಿನ ಚರಿತ್ರೆಯನ್ನು 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳವರೆಗೆ ಎಳೆದ ಸುಮಾರು 92 ಮೈಲಿಯ ತಂತಿಯಿಂದ ಆರಂಭಿಸುವುದು ವಾಡಿಕೆ. ತಂತಿಯ ಉದ್ದವೇ ಅಲ್ಲಿ ಸಾಧನೆಯ ಅಳತೆ. ಮೈಸೂರು ನಗರದಲ್ಲಿಯೇ ಇದಕ್ಕೆ ಹೊರತಾದ ಇನ್ನೊಂದು ಅಧ್ಯಾಯವುಂಟು. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬರುವ ಕೆಲವು ಮಕ್ಕಳ ಕಿವಿಯ ಹಿಂದೆ ವಿದ್ಯುತ್ತು ಕೆಲವೇ ಮಿಲಿಮೀಟರುಗಳ ದೂರವನ್ನು ತಂತಿಯಿಲ್ಲದೆ ದಾಟುತ್ತದೆ.

ಕಾಕ್ಲಿಯರ್ ಇಂಪ್ಲಾಂಟ್ ಎಂಬ ಈ ಉಪಕರಣದ ಒಳಭಾಗದಲ್ಲಿ ಬ್ಯಾಟರಿಯಿರುವುದಿಲ್ಲ. ಅಯಸ್ಕಾಂತದ ಬಲದಿಂದ ಚರ್ಮದ ಮೇಲೆ ನಿಂತ ಹೊರಸುರುಳಿಯಲ್ಲಿ ಪ್ರವಾಹವು ಏರಿಳಿದಂತೆ, ಚರ್ಮದಡಿಯ ಸುರುಳಿಯಲ್ಲಿ ಪ್ರವಾಹ ಹುಟ್ಟುತ್ತದೆ. ಶಕ್ತಿಯೂ ಧ್ವನಿಯ ಸಂಕೇತವೂ ಅದೇ ಹಾದಿಯಲ್ಲಿ ಸಾಗುತ್ತವೆ.

ಈ ಕ್ರಮವನ್ನು ವಿಜ್ಞಾನದ ಸಹಜ ಮುನ್ನಡೆಯೆಂದು ಬಣ್ಣಿಸುವುದನ್ನು ನಾವು ಒಪ್ಪಲಾರೆವು. 1957ರಲ್ಲಿ ಪ್ಯಾರಿಸ್ಸಿನ ಜೂರ್ನೋ ಮತ್ತು ಎರಿಯೆಸ್ ಎಂಬವರು ಕಿವುಡನೊಬ್ಬನ ತಲೆಯೊಳಗೆ ಇರಿಸಿದ ಸುರುಳಿ ಬಹುಕಾಲ ಬಾಳಲಿಲ್ಲ. ಮರಳಿ ಇರಿಸಿದ್ದೂ ಕೆಟ್ಟಿತು. 1980ರ ದಶಕದಲ್ಲಿಯೂ ಇನೆರೈಡ್ ಎಂಬ ಉಪಕರಣವು ಚರ್ಮವನ್ನು ತೂರಿಬಂದ ಪ್ಲಗ್ಗಿನ ಮೂಲಕವೇ ಕೆಲಸಮಾಡುತ್ತಿತ್ತು. ಸಂಕೇತವನ್ನು ಕಳುಹಿಸಲು ಅದು ನೇರವಾದ ಮಾರ್ಗ. ಆದರೆ ತೆರೆದ ಚರ್ಮ ಸೋಂಕಿಗೆ ಬಾಗಿಲು. ತಂತಿಯನ್ನು ಕೈಬಿಡಲು ಮುಖ್ಯ ಕಾರಣ ದೇಹದ ನಿರ್ಬಂಧವೇ ಹೊರತು ಯಂತ್ರಶಾಸ್ತ್ರದ ಹಿರಿಮೆಯಲ್ಲ.

ಇನ್ನು 'ತಂತಿರಹಿತ' ಎಂಬ ಮಾತನ್ನೇ ಪರೀಕ್ಷಿಸಬೇಕು. ತಂತಿಯಿಲ್ಲದಿರುವುದು ಚರ್ಮದ ದಪ್ಪದಷ್ಟು ಸ್ಥಳದಲ್ಲಿ ಮಾತ್ರ. ಅದರಾಚೆಗೆ ಕೇಬಲ್ಲು, ಬ್ಯಾಟರಿ, ಧ್ವನಿಯನ್ನು ಸಂಸ್ಕರಿಸುವ ಯಂತ್ರ ಇವೆಲ್ಲವೂ ಉಂಟು. ಇವುಗಳಲ್ಲಿ ಒಂದು ಕೆಟ್ಟರೂ ಒಳಗಿನ ಉಪಕರಣವು ಸುಸ್ಥಿತಿಯಲ್ಲಿರುವಂತೆಯೇ ಮಗುವಿಗೆ ಶಬ್ದವು ನಿಂತುಹೋಗುತ್ತದೆ. ಕೇಂದ್ರ ಸರ್ಕಾರದ ನೆರವಿನ ಯೋಜನೆಯು 2014ರ ಪರಿಷ್ಕರಣೆಯಲ್ಲಿ ಮಗುವೊಂದಕ್ಕೆ 6 ಲಕ್ಷ ರೂಪಾಯಿಯವರೆಗೆ ಅವಕಾಶ ಕಲ್ಪಿಸಿದ್ದು ಶ್ಲಾಘ್ಯವೇ. ಆದರೆ ಶಸ್ತ್ರಚಿಕಿತ್ಸೆಗಳ ಸಂಖ್ಯೆಯನ್ನು ಮಾತ್ರ ಎಣಿಸುವ ಚರಿತ್ರೆ, ಅನಂತರದ ವರ್ಷಗಳಲ್ಲಿ ಬ್ಯಾಟರಿಯನ್ನೂ ಕೇಬಲ್ಲನ್ನೂ ಯಾರು ಒದಗಿಸಿದರೆಂಬುದನ್ನು ಕೇಳುವುದೇ ಇಲ್ಲ. ಹಳ್ಳಿಯ ಬಡ ಮನೆಯ ಮಗುವಿನ ಮಾತು ಬೆಳೆಯುವುದೂ ನಿಲ್ಲುವುದೂ ಬಹುಮಟ್ಟಿಗೆ ಈ ಪ್ರಶ್ನೆಯನ್ನೇ ಅವಲಂಬಿಸಿದೆ.

ಆದುದರಿಂದ ಇತಿಹಾಸದ ವಿದ್ಯಾರ್ಥಿಗಳು ಆವಿಷ್ಕಾರಕರ ಹೆಸರುಗಳ ಜೊತೆಗೆ ದುರಸ್ತಿಯ ಚೀಟಿಗಳನ್ನೂ, ಶ್ರವಣ ತರಬೇತಿಗೆ ಮಕ್ಕಳನ್ನು ಕರೆತರುವ ತಾಯಂದಿರ ಹೇಳಿಕೆಗಳನ್ನೂ ಅವರ ಒಪ್ಪಿಗೆಯೊಡನೆ ಸಂಗ್ರಹಿಸುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ. ಇವು ಸರ್ಕಾರದ ವರದಿಗಳಲ್ಲಿ ಸೇರುವಂಥವಲ್ಲ. ಈಗ ಕೂಡಿಡದಿದ್ದರೆ ಮುಂದೆ ದೊರೆಯುವುದು ದುರ್ಲಭ.