ತೆಗೆದ ಚಿತ್ರ, ತೆಗೆದುಹಾಕಿದ ಚಿತ್ರ

ಛಾಯಾಚಿತ್ರ ತೆಗೆಯುವುದು ಈಗ ಯಾರಿಗೂ ಕಷ್ಟದ ಕೆಲಸವಲ್ಲ. ತೆಗೆದವುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು, ಉಳಿದವನ್ನು ಯಾವ ಕ್ರಮದಲ್ಲಿ ಜನರ ಮುಂದಿಡಬೇಕು ಎಂಬುದೇ ಕಷ್ಟ. ಫಿಲ್ಮಿನ ಕಾಲದಲ್ಲಿ 36 ಚಿತ್ರಗಳಿಗೆ ಸುರುಳಿ ಮುಗಿಯುತ್ತಿತ್ತು. ಕೈಬಿಗಿಯೇ ಸಂಪಾದಕನ ಅರ್ಧ ಕೆಲಸವನ್ನು ಮಾಡಿಬಿಡುತ್ತಿತ್ತು. ಇಂದು ಆ ಬಿಗಿ ಇಲ್ಲವಾದ್ದರಿಂದ ಆಯ್ಕೆಯ ಹೊಣೆ ಪೂರ್ತಿಯಾಗಿ ಛಾಯಾಗ್ರಾಹಕನ ಮೇಲೆಯೇ ಬಿದ್ದಿದೆ.

ಖಾರಘರದ ಕನ್ನಡ ಕುಟುಂಬವೊಂದರ ವಿದ್ಯಾರ್ಥಿನಿ ಕಾಲೇಜಿನ ಅಭ್ಯಾಸಕ್ಕಾಗಿ ತನ್ನ ಮನೆಯ ದಿನಚರಿಯನ್ನೇ ವಸ್ತುವಾಗಿಸಿಕೊಂಡು ಸಿದ್ಧಪಡಿಸಿದ 20 ಚಿತ್ರಗಳನ್ನು ಈಚೆಗೆ ನೋಡಿದೆವು. ಮೆಚ್ಚಬೇಕಾದುದು ಬಹಳವಿದೆ. ಮಳೆಗಾಲದಲ್ಲಿ ಹಜಾರದ ಉದ್ದಕ್ಕೂ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ, ಒದ್ದೆ ಬೂಟಿನೊಳಗೆ ತುರುಕಿದ ವೃತ್ತಪತ್ರಿಕೆ, ಲಿಫ್ಟಿನ ಎದುರಿನ ಗೇಣಗಲ ಜಾಗದಲ್ಲಿ ಬಿಡಿಸಿದ ರಂಗೋಲಿ, ಇವೆಲ್ಲ ನಮ್ಮ ನಿಮ್ಮ ಮನೆಯವೇ. ಹುಡುಗಿಯ ಕಣ್ಣು ಚುರುಕಾಗಿದೆ ಎನ್ನಲು ಅಡ್ಡಿಯಿಲ್ಲ.

ನಮ್ಮ ಆಕ್ಷೇಪಣೆ ಇರುವುದು ಆಯ್ಕೆಯ ಬಗ್ಗೆ. ಈ ಚಿತ್ರಗಳ ಪೈಕಿ 9ರಲ್ಲಿ ತಾಯಿ ಇದ್ದಾರೆ. ಆದರೆ ಒಂದರಲ್ಲಿಯೂ ಅವರ ಮುಖವಿಲ್ಲ. ಹಿಟ್ಟು ನಾದುವ ಕೈ, ಹೂ ಕಟ್ಟುವ ಕೈ, ನಲ್ಲಿಯ ಕೆಳಗಿನ ಕೈ, ಹೀಗೆ ಬರಿಯ ಕೈಗಳು. ಕೈಬಿಟ್ಟ ಚಿತ್ರಗಳನ್ನೂ ತೋರಿಸೆಂದು ಕೇಳಿದೆವು. ಅವುಗಳಲ್ಲೊಂದರಲ್ಲಿ, ಬೆಳಗಿನ ಲೋಕಲ್ ಹಿಡಿಯುವವರ ಡಬ್ಬಿಗಳೆಲ್ಲ ಹೊರಟುಹೋದ ಮೇಲೆ, ಆ ತಾಯಿ ಅಡುಗೆಮನೆಯ ನೆಲದ ಮೇಲೆ ಆರಿದ ಕಾಫಿ ಹಿಡಿದು ಕುಳಿತು, ಕೊಂಚ ಬೇಸರದಿಂದ ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿದ್ದಾರೆ. ಇದನ್ನೇಕೆ ಬಿಟ್ಟೆ ಎಂದರೆ, ಫೋಕಸ್ ತುಸು ತಪ್ಪಿದೆ, ಹಿಂದೆ ಸಿಲಿಂಡರೂ ಬಕೆಟ್ಟೂ ಬಂದಿವೆ ಎಂಬುದು ಉತ್ತರ. ತಾಯಿಗೆ ಈ ಚಿತ್ರಗಳನ್ನು ಆವರೆಗೆ ತೋರಿಸಿಯೇ ಇರಲಿಲ್ಲ. ತೋರಿಸಿದಾಗ ಅವರು ಹೇಳಿದ್ದು ಇಷ್ಟೆ: "ಇದನ್ನು ಹಾಕಬಹುದಿತ್ತಲ್ಲೇ, ನಾನು ಕೂತಿರೋದು ಇದೊಂದರಲ್ಲೇ."

ವಿಜ್ಞಾನ ಓದಿದವರು ಬಲ್ಲರು: ಪ್ರಯೋಗಶಾಲೆಯಲ್ಲಿ ರೇಖೆಗೆ ಹೊಂದದ ಅಳತೆಯನ್ನು ಅಳಿಸಿಹಾಕುವಂತಿಲ್ಲ, ಓದಲು ಬರುವಂತೆ ಒಂದು ಗೀಟು ಎಳೆದು ಕಾರಣ ಬರೆಯಬೇಕು. ಚಿತ್ರಮಾಲೆ ಪ್ರಯೋಗವರದಿಯಲ್ಲ ನಿಜ. ಆದರೆ 'ದೈನಂದಿನ ಜೀವನ' ಎಂದು ಹೆಸರಿಟ್ಟ ಮೇಲೆ ದಣಿವನ್ನು ಮಾತ್ರ ಹೊರಗಿಟ್ಟರೆ, ಉಳಿಯುವುದು ಜೀವನವಲ್ಲ, ಕ್ಯಾಲೆಂಡರು.

ಈ ದಾರಿಯಲ್ಲಿ ಮೊದಲು ನಡೆದವರಿದ್ದಾರೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯರ ನಿತ್ಯಜೀವನವನ್ನೇ ತಮ್ಮ ವಸ್ತುವಾಗಿಸಿಕೊಂಡರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ಯುನಿಸೆಫ್ ಆಶ್ರಯದಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು. ಅಮೆರಿಕದ ವೆಂಡಿ ಎವಾಲ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೆಂಟಕಿಯ ಬೆಟ್ಟಸೀಮೆಯ ಶಾಲಾಮಕ್ಕಳ ಕೈಗೇ ಕ್ಯಾಮೆರಾ ಕೊಟ್ಟರು. ತಮ್ಮನ್ನು, ತಮ್ಮ ಮನೆಯವರನ್ನು, ತಮ್ಮ ಕನಸುಗಳನ್ನು ಮಕ್ಕಳೇ ಚಿತ್ರಿಸಿದರು. 1985ರಲ್ಲಿ ಬಂದ 'ಪೋರ್ಟ್ರೇಟ್ಸ್ ಅಂಡ್ ಡ್ರೀಮ್ಸ್' ಪುಸ್ತಕದಲ್ಲಿ ಆ ಚಿತ್ರಗಳ ಜೊತೆಗೆ ಮಕ್ಕಳ ಮಾತುಗಳೂ ಇವೆ. ಮುಂದೆ ಅವರು ಗುಜರಾತಿನ ವಿಛ್ಯಾ ಗ್ರಾಮದ ಮಕ್ಕಳೊಡನೆಯೂ ಇದೇ ರೀತಿ ಕೆಲಸ ಮಾಡಿದರು. ಚಿತ್ರದಲ್ಲಿರುವವರ ಮಾತಿಗೂ ಜಾಗವಿರಬೇಕೆಂಬುದು ಇಲ್ಲಿ ಕಲಿಯಬೇಕಾದ ಪಾಠ.

ಜಾಗದ ಮಾತು ಬಂದಾಗ ಅಡಿಬರಹಗಳ ವಿಷಯವನ್ನೂ ಹೇಳಬೇಕು. ಒಗ್ಗರಣೆಯ ಚಿತ್ರದ ಕೆಳಗೆ 'ಟೆಂಪರಿಂಗ್' ಎಂದೂ ರಂಗೋಲಿಯ ಕೆಳಗೆ 'ಮಾರ್ನಿಂಗ್ ರಿಚುವಲ್' ಎಂದೂ ಬರೆಯಲಾಗಿದೆ. ಪರೀಕ್ಷಕರಿಗೆ ಇಂಗ್ಲಿಷ್ ಬೇಕೆನ್ನುವುದು ಸರಿ; ಆದರೆ ಆ ಮನೆಯಲ್ಲಿ ದಿನವೂ ಓಡಾಡುವ ಒಗ್ಗರಣೆ, ಮುಸುರೆ, ಮಡಿಯಂಥ ಮಾತುಗಳನ್ನು ಕನ್ನಡದಲ್ಲಿ ಮೊದಲು ಬರೆದು, ಕೆಳಗೆ ಅರ್ಥ ಕೊಡಬಹುದಿತ್ತು. ಹಾಗೆಯೇ, ಇಬ್ಬರು ನಿಂತರೆ ತುಂಬುವ ಅಡುಗೆಮನೆಯನ್ನು ಮೂರಡಿ ಅಗಲಕ್ಕೆ ಹಿಗ್ಗಿಸಿ ತೂಗುಹಾಕಿದರೆ ಅದರ ಇಕ್ಕಟ್ಟೇ ಕಾಣದಾಗುತ್ತದೆ. ಅಂಗೈಯಗಲದ ಪ್ರತಿಗಳು ಸಾಕು. ಅಂದಚೆಂದದ ಪ್ರಕಾರ ಜೋಡಿಸುವುದಕ್ಕಿಂತ ಗಡಿಯಾರದ ಪ್ರಕಾರ ಜೋಡಿಸಿದರೆ, ಬೆಳಗಿನ 5 ಗಂಟೆಗೆ ಹೊತ್ತಿದ ಒಲೆ ರಾತ್ರಿ ಎಷ್ಟು ಹೊತ್ತಿಗೆ ಆರಿತೆಂಬುದು ಹೇಳದೆಯೇ ತಿಳಿಯುತ್ತದೆ.

ನಮ್ಮ ಸಂಘಗಳ ಮಕ್ಕಳು ಇಂಥ ಯೋಜನೆಗಳನ್ನು ಇನ್ನೂ ಕೈಗೊಳ್ಳಬೇಕೆಂಬುದೇ ನಮ್ಮ ಆಸೆ. ಒಂದು ನಿಯಮವನ್ನು ಮಾತ್ರ ಪಾಲಿಸಲಿ: ಚಿಕ್ಕ ಪ್ರತಿಗಳನ್ನು ಮನೆಯ ನೆಲದ ಮೇಲೆ ಹರಡಿ, ಗುರುಗಳಿಗಿಂತ ಮೊದಲು ಮನೆಯವರಿಗೆ ತೋರಿಸಲಿ. ಬೇಡವೆಂದವರ ಚಿತ್ರ ಎಷ್ಟೇ ಚೆನ್ನಾಗಿರಲಿ, ಹೊರಗೆ ಹೋಗಕೂಡದು. ಬೇಕೆಂದವರ ಚಿತ್ರ ತುಸು ಮಸುಕಾಗಿದ್ದರೂ ಅದಕ್ಕೊಂದು ಜಾಗ ಸಿಗಲಿ. ಖಾರಘರದ ಈ ಮಾಲೆಯಲ್ಲಿ ಕೈಗಳ ಚಿತ್ರ 9 ಇವೆ. ಒಂದನ್ನು ತೆಗೆದು ಕುಳಿತ ತಾಯಿಯನ್ನು ಸೇರಿಸಲು ಈಗಲೂ ಕಾಲ ಮೀರಿಲ್ಲ.