ಕಾಲೇಜು ಹುಡುಗರಿಗೆ ಹಿರಿಯ ಪಾಲಕರೇ ಬೇಕು

ಕಾಲೇಜು ವಿದ್ಯಾರ್ಥಿಗಳ ಪಾಲನೆಗೆ ಈಗಷ್ಟೇ ಸೆಮಿನರಿ ಮುಗಿಸಿದವನೇ ಸರಿ ಎಂಬ ನಂಬಿಕೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಬೇರೂರಿದೆ. ಗಿಟಾರ್ ನುಡಿಸಬೇಕು, ಕ್ಯಾಂಪಿನಲ್ಲಿ ಹುಡುಗರ ಜೊತೆ ಹುಡುಗನಾಗಬೇಕು. ಎರಡು ಮೂರು ವರ್ಷ ಅಲ್ಲಿ ಪಳಗಿದ ಮೇಲೆ ದೊಡ್ಡ ಸಭೆಗೆ ವರ್ಗ. ಈ ಲೆಕ್ಕಾಚಾರ ಪೂರ್ತಿ ತಲೆಕೆಳಗು. ಇದ್ದವರಲ್ಲೇ ಹೆಚ್ಚು ಅನುಭವವುಳ್ಳ ಸಭಾಪಾಲಕರನ್ನು ಕಳಿಸಬೇಕಾದ ಜಾಗ ಅದು. ಕಳಿಸಿದ ಮೇಲೆ ಬೇಗ ಕರೆಸಿಕೊಳ್ಳಬಾರದು.

ಹಾಡಿಗೆ ಹುಡುಗರು ಸೇರುತ್ತಾರೆ, ನಿಜ. ಆದರೆ ಅವರ ಕಷ್ಟಗಳು ಹಾಡಿನ ಹೊತ್ತಿಗೆ ಬರುವಂಥವಲ್ಲ. ಸ್ಕಾಲರ್‌ಶಿಪ್ ಅರ್ಜಿಯನ್ನೇ ನೋಡಿ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮಾತ್ರ ಕೊಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು ಹೊರಗೇ ಉಳಿದರು. ಕರ್ನಾಟಕದಲ್ಲಿ ಕ್ರೈಸ್ತರಾದ ದಲಿತರಿಗೆ ಸಿಗುವುದು ಪ್ರವರ್ಗ-1. ಹಾಗಾಗಿ ಎಷ್ಟೋ ಮನೆಗಳಲ್ಲಿ ಕಾಗದಪತ್ರ ಹೇಳುವುದೊಂದು, ಭಾನುವಾರ ನಡೆಯುವುದೊಂದು. ಬೀದರ್ ಕಡೆಯ ಹುಡುಗಿಯೊಬ್ಬಳು ಬೆಂಗಳೂರಿನ ಹಾಸ್ಟೆಲಿನಲ್ಲಿ ಕೂತು, ‘ಧರ್ಮ’ ಎಂಬ ಕಾಲಮಿನ ಮೇಲೆ ಬೆರಳಿಟ್ಟು, “ಇಲ್ಲೇನು ಬರೀಲಿ ಅಯ್ಯನೋರೇ? ಅಪ್ಪನ ಸರ್ಟಿಫಿಕೇಟ್‌ನಾಗ ಬ್ಯಾರೇನೇ ಅದ” ಎಂದು ಕೇಳಿದರೆ ಏನು ಹೇಳುವುದು?

“ಸತ್ಯವನ್ನೇ ಬರಿ” ಎಂದು ವಚನ ಓದಿ ಎದ್ದುಹೋದರೆ ಅವಳು ಫೀಸು ಕಟ್ಟಲಾಗದೆ ಊರಿಗೆ ಮರಳಬಹುದು. “ಏನಾದರೂ ಬರಿ, ದೇವರು ನೋಡಿಕೊಳ್ಳುತ್ತಾನೆ” ಎಂದರೆ ಅವಳ ಅಜ್ಜ ಅಜ್ಜಿ ಬೆಲೆ ತೆತ್ತು ಹಿಡಿದ ನಂಬಿಕೆ ಅಗ್ಗವಾಗುತ್ತದೆ. ಅವಳ ಎದುರು ಕೂತವರಿಗೆ ಕಾನೂನು ಗೊತ್ತಿರಬೇಕು, ಅಪ್ಪನಿಗೆ ಫೋನು ಮಾಡುವ ಸಲಿಗೆ ಇರಬೇಕು, ಸಭೆಯ ನಿಧಿಯಿಂದ ಫೀಸಿನ ದಾರಿ ಹುಡುಕುವ ಅಧಿಕಾರ ಇರಬೇಕು. ಸರ್ಕಾರದ ಮೇಲಿನ ಅವಳ ಸಿಟ್ಟಿನ ಜೊತೆಗೆ, ಜಾತಿಯನ್ನು ಒಳಗೇ ಸಾಕಿಕೊಂಡ ಸಭೆಯ ಮೇಲಿನ ಸಿಟ್ಟನ್ನೂ ತಲೆತಗ್ಗಿಸಿ ಕೇಳುವ ತಾಳ್ಮೆ ಬೇಕು. ಇಪ್ಪತ್ತೈದರ ಹುಡುಗನ ಮೇಲೆ ಇಷ್ಟೆಲ್ಲ ಹೊರಿಸುವುದು ಅವನಿಗೂ ಅನ್ಯಾಯ.

ತರಗತಿಯ ವಿಕಾಸವಾದಕ್ಕೂ ಆದಿಕಾಂಡಕ್ಕೂ ನಡುವೆ ಸಿಕ್ಕಿಕೊಂಡವನಿಗೂ ಇಂಥವರೇ ಬೇಕು. “ನನಗೆ ತಿಳಿಯದು, ಕೂತು ಓದೋಣ” ಎನ್ನಲು ಹಿರಿಯರಿಗೆ ಅಂಜಿಕೆಯಿಲ್ಲ.

ಈಗ ಕೌನ್ಸೆಲರ್‌ಗಳಿದ್ದಾರಲ್ಲ ಎನ್ನುವವರೂ ಇದ್ದಾರೆ. ಅವರು ಇರಲೇಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಆದರೆ ಬ್ಯಾಕ್‌ಲಾಗ್ ವಿಷಯ ಮನೆಯಲ್ಲಿ ಹೇಳಲಾಗದೆ ಕೋಣೆಯ ಬಾಗಿಲು ಹಾಕಿಕೊಂಡವನು ತಾನಾಗಿ ಕೌನ್ಸೆಲರ್ ಬಳಿ ಹೋಗುವುದು ಅಪರೂಪ. ಮೆಸ್ಸಿಗೆ ಅವನು ಬಂದಿಲ್ಲ ಎಂದು ಗಮನಿಸುವವರು ಬೇಕು. ಪ್ರಾರ್ಥನೆ ಮಾಡಿ, ಅಷ್ಟಕ್ಕೇ ನಿಲ್ಲದೆ ವೈದ್ಯರ ಬಳಿ ಕರೆದೊಯ್ಯುವ ವಿವೇಕ ಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ವಿದ್ಯಾರ್ಥಿಗಳೇ ಮೂರು ವರ್ಷಕ್ಕೆ ಹೋಗಿಬಿಡುತ್ತಾರೆ, ಪಾಲಕರು ಬದಲಾದರೇನು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಹೋಗುತ್ತಾರೆಂದೇ ಇವರು ಉಳಿಯಬೇಕು. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಅಂಥ ರಾತ್ರಿ ಫೋನು ಮಾಡುವುದು ನಂಬಿದವರಿಗೆ. ಆ ನಂಬಿಕೆ ಸೀನಿಯರ್‌ಗಳ ಬಾಯಿಂದ ಜೂನಿಯರ್‌ಗಳಿಗೆ ದಾಟಿ ಬರಲು ವರ್ಷಗಳು ಬೇಕು. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ಕಟ್ಟಿದ ಯೇಸುಸಭೆಯ ಪಾದ್ರಿಗಳು ಕ್ಯಾಂಪಸ್ಸಿನೊಳಗೇ ಮನೆ ಮಾಡಿಕೊಂಡರು. ಉಳಿಯುವುದರ ಅರ್ಥ ಅವರಿಗೆ ಗೊತ್ತಿತ್ತು.

ಮುಂದಿನ ವರ್ಗಾವಣೆ ಪಟ್ಟಿ ಮಾಡುವಾಗ ಬಿಷಪರು ಈ ಹುದ್ದೆಗೆ ದೊಡ್ಡ ಸಭೆಯಷ್ಟೇ ಸಂಬಳ, ಕನಿಷ್ಠ ಹತ್ತು ವರ್ಷದ ಅವಧಿ ಇಡಲಿ. ಕೆಲಸ ಅಳೆಯಲು ಹಾಜರಾತಿ ಎಣಿಸುವುದನ್ನು ಬಿಡಲಿ. ಒಳ್ಳೆಯ ಅಯ್ಯನವರನ್ನು ಕಳೆದುಕೊಂಡ ಸಭೆಗಳು ಗೊಣಗುತ್ತವೆ. ಆದರೆ ಹೊಸಬರು ಕಲಿಯಲು ಆ ದೊಡ್ಡ ಸಭೆಗಳೇ ತಕ್ಕ ಜಾಗ. ತಪ್ಪಿದಾಗ ತಿದ್ದುವ ಹಿರಿಯರು ಅಲ್ಲಿ ಬೇಕಾದಷ್ಟಿದ್ದಾರೆ.