ಅಲ್ಪಸಂಖ್ಯಾತ ಮನ್ನಣೆ ಮತ್ತು ವಿವಾಹ ಕಾಯಿದೆ

ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಕೋರಿದ್ದ ಜೈನ ದಂಪತಿಗಳ ಅರ್ಜಿಯನ್ನು ಇಂದೋರಿನ ಕುಟುಂಬ ನ್ಯಾಯಾಲಯವು 2025ರ ಫೆಬ್ರವರಿಯಲ್ಲಿ ತಿರಸ್ಕರಿಸಿತು. 2014ರಲ್ಲಿ ಕೇಂದ್ರ ಸರ್ಕಾರವು ಜೈನರನ್ನು ಅಲ್ಪಸಂಖ್ಯಾತರೆಂದು ಘೋಷಿಸಿರುವುದರಿಂದ ಅವರಿಗೆ ಹಿಂದೂ ವಿವಾಹ ಕಾಯಿದೆಯ ಪರಿಹಾರವಿಲ್ಲವೆಂಬುದು ಅದರ ತರ್ಕ. ಈ ತರ್ಕ ನಿಲ್ಲತಕ್ಕದ್ದಲ್ಲ. 1955ರ ಆ ಕಾಯಿದೆಯ 2ನೆಯ ಕಲಮೇ ಬೌದ್ಧ, ಜೈನ, ಸಿಖ್ಖರನ್ನು ಹೆಸರಿಸಿ ಒಳಗೊಂಡಿದೆ. ಅಲ್ಪಸಂಖ್ಯಾತ ಆಯೋಗದ 1992ರ ಕಾಯಿದೆಯಡಿ ಹೊರಟ ಅಧಿಸೂಚನೆಯು ಅದನ್ನು ಅಳಿಸಲಾರದು. ಅಂಗಡಿಗೆ ಹೊಸ ಫಲಕ ಹಾಕಿದ ಮಾತ್ರಕ್ಕೆ ಹಳೆಯ ಲೇವಾದೇವಿ ತೀರಿತೆಂದು ಯಾವ ವರ್ತಕನೂ ಹೇಳಲಾರ.

ಧರ್ಮದ ಪ್ರತ್ಯೇಕತೆಗೆ ಮನ್ನಣೆ ಸಿಕ್ಕಿತೆಂದು ಇಂಥ ಆದೇಶಕ್ಕೆ ಹಿಗ್ಗುವವರಿದ್ದರೆ, ಅವರು ಅದರ ಪರಿಣಾಮವನ್ನೂ ಯೋಚಿಸಬೇಕು. 13ಬಿ ಕಲಮಿನ ಸಮ್ಮತಿಯ ವಿಚ್ಛೇದನವಷ್ಟೇ ಅಲ್ಲ, ದಾವೆ ನಡೆಯುವಾಗ ಆದಾಯವಿಲ್ಲದ ಪತ್ನಿಗೆ, ಪತಿಗೂ ಸಹ, ಜೀವನಾಂಶ ಮತ್ತು ದಾವೆಯ ಖರ್ಚು ಕೊಡಿಸುವ 24ನೆಯ ಕಲಮು, ಶಾಶ್ವತ ಜೀವನಾಂಶದ 25ನೆಯ ಕಲಮು ಇವೂ ಜೈನರ ಕೈತಪ್ಪುತ್ತಿದ್ದವು. ಶ್ರಾವಿಕೆಯೊಬ್ಬಳ ಆಸರೆಯನ್ನು ಕಿತ್ತುಕೊಂಡು ಪಡೆಯುವ ಪ್ರತ್ಯೇಕತೆ ಅಹಿಂಸಾಧರ್ಮಕ್ಕೆ ಒಪ್ಪುವುದೇ?

ಮಾರ್ಚ್ ತಿಂಗಳಲ್ಲಿ ಮಧ್ಯಪ್ರದೇಶ ಉಚ್ಚ ನ್ಯಾಯಾಲಯದ ಇಂದೋರ್ ಪೀಠವು ಆ ಆದೇಶವನ್ನು ರದ್ದುಪಡಿಸಿ, ಅರ್ಜಿಯನ್ನು ಕಾನೂನಿನಂತೆ ವಿಚಾರಿಸಲು ಮರಳಿ ಕಳುಹಿಸಿತು. ಸಂದೇಹವಿದ್ದರೆ ಕೆಳಗಿನ ನ್ಯಾಯಾಲಯವು ಪ್ರಶ್ನೆಯನ್ನು ಉಚ್ಚ ನ್ಯಾಯಾಲಯದ ಅಭಿಪ್ರಾಯಕ್ಕೆ ಒಪ್ಪಿಸಬಹುದಿತ್ತು. ಹಾಗಾಗದೆ, ಇಬ್ಬರೂ ಒಪ್ಪಿ ಬಂದಿದ್ದ ಪ್ರಕರಣ ಮೇಲ್ಮನವಿಯ ಮೆಟ್ಟಿಲೇರಬೇಕಾಯಿತು.